ಗೆರೆಯಂಚಿನಲ್ಲಿ ನಿಂತ ಚಿಕ್ಕಪ್ಪ

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ 60 ಕುಟುಂಬ ತಂಡಗಳನ್ನು ಸೇರಿಸಿ ಕೊಡವ ಹಾಕಿ ಹಬ್ಬವನ್ನು ಆರಂಭಿಸಿದಾಗ, ಮಡಿಕೇರಿಯ ಪತ್ರಿಕೆಯೊಂದಕ್ಕೆ ಕ್ರೀಡಾ ಅಂಕಣ ಬರೆಯುತ್ತಿದ್ದ ನನ್ನ ಚಿಕ್ಕಪ್ಪ ದಿನವೂ ಮೈದಾನದ ಗೆರೆಯಂಚಿನಲ್ಲಿ ನಿಂತು, ಗೋಲು ಹೊಡೆದವರ ಹೆಸರನ್ನು ಮನೆತನದ ಹೆಸರಿನೊಂದಿಗೆ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಒಂದಕ್ಷರ ತಪ್ಪಿದರೂ ಆ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಅಗೌರವವೆಂದು ಅವರು ನಂಬಿದ್ದರು. ನನಗೂ ಅದು ಸರಿಯೆನಿಸುತ್ತದೆ.

ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂತಹ ಒಲಿಂಪಿಯನ್ನರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದರು. ಚಿಕ್ಕಪ್ಪನ ಅಂಕಣದಲ್ಲಿ ಹೆಚ್ಚು ಜಾಗ ಸಿಕ್ಕಿದ್ದು ಮಗನೊಂದಿಗೆ ಒಂದೇ ತಂಡದಲ್ಲಿ ಆಡಿದ ತಾಯಂದಿರಿಗೆ, ಕಾಫಿ ತೋಟದ ಕೆಲಸ ಬಿಟ್ಟು ಬಂದು ಗೋಲು ಕಾಯುತ್ತಿದ್ದ ಹಿರಿಯರಿಗೆ.

2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದಾಗ ಅವರ ದೃಷ್ಟಿ ಮಂಜಾಗಿತ್ತು. ನಾನು ಪಕ್ಕದಲ್ಲಿ ಕುಳಿತು ಆಟವನ್ನು ವಿವರಿಸಿದೆ, ಅವರು ಹೇಳಿದ ವಾಕ್ಯಗಳನ್ನು ಬರೆದುಕೊಂಡೆ.