ಅಡ್ವಾನ್ಸ್ ಕೊಡದೆ ಬಂದ ಗುರುವಾರ

ಹಾಸನಾಂಬೆ ಗುಡಿ ಬಾಗಿಲು ತೆರೆಯುವ ಗುರುವಾರವೇ ನಾವು ಮನೆಗೆ ಅಡ್ವಾನ್ಸ್ ಕೊಡಬೇಕು ಅಂತ ಮಾತಾಗಿತ್ತು. ಅಕ್ಟೋಬರ್ 9, 2025. ವರ್ಷಕ್ಕೊಮ್ಮೆ ತೆರೆಯುವ ಬಾಗಿಲು, ಅವತ್ತು ಕೊಟ್ಟರೆ ಒಳ್ಳೇದಾಗುತ್ತೆ ಅಂತ ನಮ್ಮತ್ತೆ ಹೇಳಿದ್ದರು. ಹಿಂದಿನ ರಾತ್ರಿ ಮೂರು ಗಂಟೆಯಾದರೂ ನನಗೆ ನಿದ್ದೆ ಹತ್ತಲಿಲ್ಲ. ಎದ್ದು ಅಡುಗೆಮನೆ ಲೈಟ್ ಹಾಕಿ, ಕರೆಂಟ್ ಬಿಲ್ಲಿನ ಹಿಂದೆ ಮತ್ತೆ ಅದೇ ಲೆಕ್ಕ ಬರೆಯುತ್ತಾ ಕೂತೆ.

ಮನೆ ಇರುವುದು ಸಾಲಗಾಮೆ ರಸ್ತೆ ಕಡೆ. 30-40 ಸೈಟು, ಹಳೇ ಆರ್‌ಸಿಸಿ ಮನೆ, ಎರಡು ರೂಮು, ಹಾಲ್‌ನಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ. ಮೊದಲು 46 ಲಕ್ಷ ಹೇಳಿದ್ದರು, ಮೂರು ಸಲ ಓಡಾಡಿದ ಮೇಲೆ 44ಕ್ಕೆ ಬಂದರು. ನಾವು 30 ಲಕ್ಷ ಸಾಲ ಮಾಡುವುದು. ಶೇ 8ರ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 25 ಸಾವಿರ ಚಿಲ್ಲರೆ. 240 ಕಂತು. ಕೊನೆಗೆ ಕೂಡಿಸಿದರೆ 60 ಲಕ್ಷ ದಾಟುತ್ತದೆ. ನಾನು ಶಾಲೆಯಲ್ಲಿ ಗಣಿತ ಪಾಠ ಮಾಡುವವಳು, ಚಕ್ರಬಡ್ಡಿ ಲೆಕ್ಕ ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿದ್ದೇನೋ. ಆದರೆ ಆ 240 ಅನ್ನುವ ಸಂಖ್ಯೆ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಗುತ್ತಿತ್ತು. ಕೊನೇ ಕಂತು ಕಟ್ಟುವಾಗ ನಮ್ಮವರಿಗೆ 59 ವರ್ಷ. ಈಗ ಎಂಟನೇ ಕ್ಲಾಸಿನಲ್ಲಿರುವ ಮಗಳಿಗೆ ಮೂವತ್ತ ಮೂರು.

ಅದರ ಮೇಲೆ ನೋಂದಣಿ ಖರ್ಚು. ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿತ್ತು. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ ಹತ್ತಿರ ಹತ್ತಿರ 3 ಲಕ್ಷ 34 ಸಾವಿರ. ಜುಲೈನಲ್ಲೇ ಈ ಮನೆ ನೋಡಿದ್ದರೆ 44 ಸಾವಿರ ಉಳಿಯುತ್ತಿತ್ತಲ್ಲ ಅಂತ ನಾವಿಬ್ಬರೂ ಎಷ್ಟು ದಿನ ಕೊರಗಿದೆವು. ನಮ್ಮವರ ಚೀಟಿ ದುಡ್ಡು, ಪಿಎಫ್, ನನ್ನ ಎರಡು ಬಳೆ, ಒಂದು ಸರ. ಇಷ್ಟನ್ನೂ ಸೇರಿಸಿದರೆ ಅಂತೂ ಇಂತೂ ಮುಟ್ಟುತ್ತಿತ್ತು. ಬಣ್ಣ ಹೊಡೆಸಲು ಏನೂ ಉಳಿಯುತ್ತಿರಲಿಲ್ಲ.

ನೀರು ಕುಡಿಯಲು ಎದ್ದ ಅಪ್ಪ ಬಾಗಿಲಲ್ಲಿ ನಿಂತರು. ಅಮ್ಮ ಹೋದ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ.

"ಇನ್ನೂ ಮಲಗಿಲ್ವಾ?"

"ನಿದ್ದೆ ಬರ್ತಿಲ್ಲ ಅಪ್ಪ."

ಬಿಲ್ಲಿನ ಹಿಂದೆ ಬರೆದಿದ್ದನ್ನು ಕೈಗೆ ತೆಗೆದುಕೊಂಡು ನೋಡಿದರು. ಕನ್ನಡಕ ಇರಲಿಲ್ಲ, ಓದಿದರೋ ಇಲ್ಲವೋ. "ಪತ್ರ ಎಲ್ಲಾ ಸರಿಯಾಗಿ ನೋಡ್ಸು ಕಣಮ್ಮ" ಅಂದರು. ಲೋಟ ತೊಳೆದು ಬೋರಲು ಹಾಕಿ ಹೋದರು.

ನಮ್ಮಪ್ಪನ ಊರು ಈಗ ಇಲ್ಲ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿತು. ಗೊರೂರಿನ ಅಣೆಕಟ್ಟು ಮುಗಿದಿದ್ದು 1979ರಲ್ಲಿ, ಆಗ ಅಪ್ಪನಿಗೆ 22 ವರ್ಷ. ಪರಿಹಾರದ ದುಡ್ಡು ಅಣ್ಣತಮ್ಮಂದಿರಲ್ಲಿ ಹಂಚಿ, ಮದುವೆ ಕಾಯಿಲೆ ಅಂತ ಕರಗಿತು. ಅಪ್ಪ ಬಸ್ ಕಂಡಕ್ಟರ್ ಆಗಿ ಹಾಸನಕ್ಕೆ ಬಂದರು. ನನ್ನ ಮದುವೆಯಾಗುವವರೆಗೆ ನಾವು ಏಳು ಬಾಡಿಗೆ ಮನೆ ಬದಲಾಯಿಸಿದ್ದೆವು. ಅಮ್ಮ ಒಂದು ಸೈಟಾದರೂ ತಗೊಳ್ಳೋಣ ಅಂತ ಕೇಳಿದಾಗಲೆಲ್ಲ ಅಪ್ಪ "ನೋಡೋಣ" ಅನ್ನುತ್ತಿದ್ದರು. ಆ "ನೋಡೋಣ" ಅಮ್ಮ ಇರುವವರೆಗೂ ಮುಗಿಯಲಿಲ್ಲ.

ಒಂದು ಬೇಸಿಗೆಯಲ್ಲಿ ನೀರು ಇಳಿದಿದ್ದಾಗ ಅವರನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಅದು, ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ. ಜನ ಎಲ್ಲ ಚರ್ಚಿನ ಫೋಟೋ ತೆಗೆಯುತ್ತಿದ್ದರು. ಅಪ್ಪ ಚರ್ಚಿಗೆ ಬೆನ್ನು ಮಾಡಿ ನೀರಿನ ಕಡೆಗೇ ನೋಡುತ್ತಾ ನಿಂತರು. ತುಂಬಾ ಹೊತ್ತಾದ ಮೇಲೆ ಬೆರಳು ತೋರಿಸಿ "ಆ ಕಡೆಗೆ ಬರುತ್ತೆ" ಅಂದರು. ಅಷ್ಟೇ. ಆ ರಾತ್ರಿ ಅಡುಗೆಮನೆಯಲ್ಲಿ ಕೂತಾಗ ನನಗೆ ಗೊತ್ತಾಗಿದ್ದು, ನನ್ನ ಭಯ ಬರೀ ಕಂತಿನದ್ದಲ್ಲ ಅಂತ. ಮನೆ ಅನ್ನುವುದು ಕೈಬಿಟ್ಟು ಹೋಗುವ ವಸ್ತು ಅನ್ನೋದು ನನ್ನೊಳಗೆ ಚಿಕ್ಕಂದಿನಿಂದ ಕೂತಿತ್ತು. ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ.

ಬೆಳಗ್ಗೆ ಹತ್ತೂವರೆಗೆ ಲಾಯರ್ ಹತ್ತಿರ ಹೋದೆವು. ನಮ್ಮವರ ಬ್ಯಾಗಿನಲ್ಲಿ ಒಂದು ಲಕ್ಷದ ಚೆಕ್. ಸಂಜೆ ನಾಲ್ಕಕ್ಕೆ ಕೊಡುವುದು ಅಂತ. ಬೆಂಗಳೂರಿನ ಪಾರ್ಟಿ ರೆಡಿ ಇದೆ, ಇವತ್ತು ತಪ್ಪಿದರೆ ಕಷ್ಟ ಮೇಡಂ, ಅಂತ ಬ್ರೋಕರ್ ಆಗಲೇ ಎರಡು ಸಲ ಫೋನ್ ಮಾಡಿದ್ದರು.

ಲಾಯರ್ ವಂಶವೃಕ್ಷದ ಮೇಲೆ ಪೆನ್ನಿನ ತುದಿ ಇಟ್ಟರು. "ಈ ಹೆಣ್ಣುಮಗಳು ಎಲ್ಲಿದ್ದಾರೆ?"

ಮನೆ ಕಟ್ಟಿಸಿದ ಯಜಮಾನರು ವಿಲ್ ಬರೆಯದೆ ತೀರಿಕೊಂಡಿದ್ದರು. ಹೆಂಡತಿಯೂ ಇಲ್ಲ. ಇಬ್ಬರು ಗಂಡುಮಕ್ಕಳ ಹೆಸರಿಗೆ ಖಾತೆ ಆಗಿದೆ. ಮಾರುತ್ತಿರುವವರು ಅವರೇ. ಅಕ್ಕ ಒಬ್ಬರು ಇದ್ದಾರೆ ಅನ್ನುವುದನ್ನೇ ನಮಗೆ ಯಾರೂ ಹೇಳಿರಲಿಲ್ಲ. "ಖಾತೆ ಅಂದ್ರೆ ಕಂದಾಯ ಕಟ್ಟೋಕೆ ಇರೋ ಹೆಸರು ಅಷ್ಟೇ. ಅದರಿಂದ ಹಕ್ಕು ಬರಲ್ಲ" ಅಂದರು ಲಾಯರ್. 2005ರ ತಿದ್ದುಪಡಿ ಆದಮೇಲೆ ತಾನೇ ಹೆಣ್ಣುಮಕ್ಕಳಿಗೆ ಪಾಲು ಅಂತ ನಮ್ಮವರು ಕೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಪಿತ್ರಾರ್ಜಿತದ ವಿಚಾರವಂತೆ. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯಲ್ಲಿ, ವಿಲ್ ಇಲ್ಲದಿದ್ದರೆ, 1956ರ ಕಾನೂನಿನಲ್ಲೇ ಮಗ ಮಗಳು ಇಬ್ಬರಿಗೂ ಸಮಪಾಲು. ಇನ್ನೊಂದು ಮಾತು ಹೇಳಿದರು: ಕಂಪ್ಯೂಟರ್‌ನಲ್ಲಿ ಸಿಗುವ ಇ.ಸಿ. (ಆಸ್ತಿ ಮೇಲೆ ನೋಂದಣಿಯಾದ ಮಾರಾಟ, ಸಾಲ ಎಲ್ಲ ತೋರಿಸುವ ಋಣಭಾರ ಪತ್ರ) 2004ರ ಏಪ್ರಿಲ್‌ನಿಂದ ಈಚೆಯದು. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಹುಡುಕಿಸಬೇಕು. ಮನೆ ಕೊಳ್ಳುವವರು ದಯವಿಟ್ಟು ಇದನ್ನು ಮಾಡಿಸಿ, ಅವಸರ ಎಷ್ಟೇ ಇರಲಿ.

ವಾಪಸ್ ಬರುವಾಗ ದೊಡ್ಡ ಜಗಳ. ಊರೆಲ್ಲ ದೀಪಾಲಂಕಾರ, ಗುಡಿ ಕಡೆಯ ರಸ್ತೆಗೆ ಬ್ಯಾರಿಕೇಡ್, ಸ್ಕೂಟರ್ ಸುತ್ತಿ ಬಳಸಿ ಹೋಗುತ್ತಿತ್ತು. ಒಂದು ಲಕ್ಷ ತಾನೇ, ಕೊಟ್ಟಿರೋಣ, ಅಕ್ಕನ ಸಹಿ ಅವರೇ ಹಾಕಿಸ್ತಾರೆ, ಅಂತ ನಮ್ಮವರು. ಬೇಡ ರೀ, ಅಂತ ನಾನು. "ಈ ಮನೆ ಹೋದ್ರೆ ಇನ್ನೊಂದ್ಸಲ ನನ್ನ ಹತ್ರ ಮನೆ ಮಾತು ಎತ್ತಬೇಡ" ಅಂದುಬಿಟ್ಟರು. ಹದಿನೈದು ವರ್ಷದ ಸಂಸಾರದಲ್ಲಿ ಅವರು ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಮಹಾರಾಜ ಪಾರ್ಕ್ ಹತ್ತಿರ ಸ್ಕೂಟರ್ ನಿಲ್ಲಿಸಿದರು. ಇಬ್ಬರೂ ಇಳಿದು ಸುಮ್ನೆ ನಿಂತೆವು. ಅವರ ಕೈ ನಡುಗುತ್ತಿತ್ತು. ಅವರೂ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅಂತ ಆಗ ತಿಳಿಯಿತು. ಗೋಡೆ ಕಡೆ ತಿರುಗಿ ಮಲಗಿದ ಹಾಗೆ ಇದ್ದರಂತೆ, ನನಗೆ ಗಾಬರಿ ಆಗಬಾರದು ಅಂತ.

ಸಂಜೆ ನಾಲ್ಕಕ್ಕೆ ಹೋದೆವು. ಚೆಕ್ ಬ್ಯಾಗಿನಲ್ಲೇ ಉಳಿಯಿತು. ಅಕ್ಕನೂ ಸಹಿ ಹಾಕಿದರೆ ಮಾತ್ರ ಅಂದೆವು. "ಅವಳದ್ದೇನಿದೆ ಇದರಲ್ಲಿ, ಮದುವೆ ಮಾಡಿ ಕೊಟ್ಟಿದ್ದೀವಲ್ಲ" ಅಂತ ದೊಡ್ಡ ಮಗ ಮುಖ ಕೆಡಿಸಿಕೊಂಡರು. ಬ್ರೋಕರ್ ನಮ್ಮನ್ನು ಗೇಟಿನವರೆಗೂ ಬಿಡಲು ಬರಲಿಲ್ಲ. ಮನೆ ಹೋಯಿತು ಅಂದುಕೊಂಡೆ. ಆ ರಾತ್ರಿ ಮಾತ್ರ ಕಲ್ಲಿನ ಹಾಗೆ ನಿದ್ದೆ ಬಂತು.

ಹತ್ತು ದಿನದ ನಂತರ, ಭಾನುವಾರ, ಕಿರಿಯ ಮಗನಿಂದ ಫೋನ್. ಬೇಲೂರಿನಿಂದ ಅಕ್ಕ ಹಾಸನಾಂಬೆ ದರ್ಶನಕ್ಕೆ ಬಂದಿದ್ದಾರೆ, ಬನ್ನಿ ಅಂತ. ಅರವತ್ತು ದಾಟಿದ ಹೆಂಗಸು, ಆರೇಳು ಗಂಟೆ ಸರತಿಯಲ್ಲಿ ನಿಂತು ಕಾಲು ಊದಿತ್ತು. ಮನೆ ಮಾರುತ್ತಿರುವುದು ಅವರಿಗೆ ಗೊತ್ತಾಗಿದ್ದೇ ನಾವು ಸಹಿ ಕೇಳಿದ ಮೇಲೆ. ನನ್ನನ್ನು ಅಡುಗೆಮನೆಗೆ ಕರೆದರು. ಹಿತ್ತಲ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ತೋರಿಸಿದರು. "ಮಳೆಗಾಲಕ್ಕೆ ಇದು ಉಬ್ಬುತ್ತೆ ಕಣಮ್ಮಾ. ಎಳೀಬೇಡ. ಹಿಂಗೆ ಸ್ವಲ್ಪ ಮೇಲಕ್ಕೆತ್ತಿ ತಳ್ಳಬೇಕು." ಎರಡು ಸಲ ಮಾಡಿ ತೋರಿಸಿದರು. ಮೂರನೇ ಸಲ ನನ್ನ ಕೈಯಲ್ಲಿ ಮಾಡಿಸಿದರು. ಆಮೇಲೆ ಹಾಲ್‌ಗೆ ಬಂದು ತಮ್ಮಂದಿರ ಎದುರಿಗೇ ಹೇಳಿದರು, "ಸಹಿ ಹಾಕ್ತೀನಿ. ನನ್ನ ಹೆಸರಿಗೂ ಚೆಕ್ ಬರಲಿ." ಯಾರೂ ಮಾತಾಡಲಿಲ್ಲ. ನನಗೆ ಆ ಅಕ್ಕನ ಕಾಲು ಮುಟ್ಟಬೇಕು ಅನ್ನಿಸಿತು.

ಕ್ರಯದ ಕರಾರಿಗೆ ಮೂವರೂ ಸಹಿ ಹಾಕಿದರು. ಮೂರು ಚೆಕ್ ಬರೆದೆವು. ಮಾರನೇ ದಿನ ಅಪ್ಪನನ್ನು ಮೊದಲ ಸಲ ಮನೆ ನೋಡಲು ಕರೆದುಕೊಂಡು ಹೋದೆ. ಅವರು ರೂಮು ನೋಡಲಿಲ್ಲ, ವಾಸ್ತು ಕೇಳಲಿಲ್ಲ. ಸೀದಾ ಹೊರಗಿನ ನಲ್ಲಿ ಹತ್ತಿರ ಹೋದರು.

"ಇದು ಯಾವ ನೀರು?"

"ಹೇಮಾವತಿ ನೀರು ಸಾರ್" ಅಂದರು ಕಿರಿಯ ಮಗ. "ಬೋರ್ ಇಲ್ಲ."

ಅಪ್ಪ ನಲ್ಲಿ ತಿರುಗಿಸಿದರು. ಕಾಲು ತೊಳೆದುಕೊಂಡರು. ಬೊಗಸೆ ಒಡ್ಡಿ, ತುಂಬಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಕುಡಿದರು. ನಲ್ಲಿ ನಿಲ್ಲಿಸಿ, ತೊಟ್ಟಿಕ್ಕುತ್ತದೇನೋ ಅಂತ ಬಗ್ಗಿ ನೋಡಿದರು.

"ಸಂಪು ಎಷ್ಟು ಲೀಟರ್ದು?" ಅಂತ ಕೇಳಿದರು.