ಮಾತ್ರೆ ಮುಗಿದ ಆ ಎರಡು ದಿನ

ಕಳೆದ ಆಷಾಢದ ಮಾತು. ಹೊಸನಗರದ ಆಚೆ ನಮ್ಮೂರಲ್ಲಿ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಮರ ಬಿದ್ದು ದಾರಿ ಬಂದ್, ಕರೆಂಟೂ ಇಲ್ಲ. ಅಪ್ಪಯ್ಯನ ಮಾತ್ರೆ ಖಾಲಿಯಾಗಿತ್ತು. "ಎರಡು ದಿನ ನೋವು ತಡ್ಕೊಳ್ತೀನಿ ಬಿಡು" ಅಂದರು. ನಾವೂ ಸುಮ್ಮನಾದೆವು.

ಅಡಿಕೆಗೆ ಔಷಧಿ ಹೊಡೆಯಲು ಹತ್ತಿ, ಜಾರಿ ಬಿದ್ದ ಮೇಲೆ ಅವರ ಸೊಂಟ ನೆಟ್ಟಗಾಗಿಲ್ಲ. ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ಶುರುವಾಗಿ ಮೂರು ವರ್ಷ. 50 ಮಿಲಿಗ್ರಾಂನದು ದಿನಕ್ಕೆ ಎರಡಿದ್ದದ್ದು ಆರಾಗಿತ್ತು.

ಮಾರನೇ ದಿನ ಬೆಳಗ್ಗೆ ಒಂದೇ ಸಮನೆ ಆಕಳಿಕೆ. ಮೂಗು ಸೋರುತ್ತಿತ್ತು. ಶೀತ ಅಂದುಕೊಂಡು ಅಮ್ಮ ಮೆಣಸಿನ ಕಷಾಯ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಭೇದಿ ಹಿಡಿಯಿತು. ರಾತ್ರಿ ಬಚ್ಚಲೊಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದರು. ಕೈ ಹಿಡಿದು ನೋಡಿದೆ. ಬೆಂಕಿಯ ಎದುರಿಗೇ ರೋಮ ಎದ್ದು ನಿಂತಿತ್ತು, ಅಂಗೈ ಬೆವರಿತ್ತು. ಕಾಲು ಒಂದು ಗಳಿಗೆ ಸುಮ್ಮನಿರಲಿಲ್ಲ. ಅಪ್ಪಯ್ಯ ಅಳುವುದನ್ನು ನಾನು ನೋಡಿದ್ದು ಅವತ್ತೇ.

ಬೆಳಗಾದ ಮೇಲೆ ಗದ್ದೆ ದಾರಿಯಲ್ಲಿ ನಡೆದು ಪೇಟೆಗೆ ಹೋದೆ. ಚೀಟಿ ಇಲ್ಲದೆ ಕೊಡಲ್ಲ ಅಂದರು ಅಂಗಡಿಯವರು. ತಪ್ಪೇನಿಲ್ಲ, 2018ರಿಂದ ಈ ಮಾತ್ರೆ ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ಅಲ್ಲಿದ್ದ ಡಾಕ್ಟರರನ್ನೇ ಹುಡುಕಿಕೊಂಡು ಹೋದೆ. ಲಕ್ಷಣ ಕೇಳಿದ್ದೇ, ಮಾತ್ರೆ ಒಮ್ಮೆಲೇ ನಿಂತಿದ್ದಕ್ಕೆ ಹೀಗಾಗಿದೆ ಅಂತ ಅವರಿಗೆ ಗೊತ್ತಾಯಿತು.

ಮುಂದಿನ ವಾರ ಅಪ್ಪಯ್ಯನನ್ನೇ ಕರೆದೊಯ್ದಾಗ ಅವರು ಎಲ್ಲ ಬಿಡಿಸಿ ಹೇಳಿದರು. ಇದು ಮಾರ್ಫಿನ್ ಜಾತಿಯ ಔಷಧಿ. ಬಹಳ ದಿನ ತಗೊಂಡರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಹಳೇ ಡೋಸು ಸಾಲದಾಗುತ್ತದೆ. ಕೆಲವರಲ್ಲಿ ನರಗಳೇ ಸೂಕ್ಷ್ಮವಾಗಿ ನೋವು ಇನ್ನೂ ಜಾಸ್ತಿಯಾಗುವುದೂ ಉಂಟು. ಮಲಬದ್ಧತೆಯೂ ಇದರಿಂದಲೇ. ನಾವು ಅದನ್ನು ವಯಸ್ಸಿನ ತಲೆಗೆ ಕಟ್ಟಿದ್ದೆವು! ಇದನ್ನೆಲ್ಲ ಮೊದಲ ಚೀಟಿ ಬರೆದ ದಿನವೇ ಯಾರಾದರೂ ಹೇಳಬೇಕಿತ್ತು, ಅಲ್ವಾ? ನನಗೆ ಈಗಲೂ ಆ ಬೇಸರ ಹೋಗಿಲ್ಲ.

ಅಪ್ಪಯ್ಯ ತಲೆ ತಗ್ಗಿಸಿ ಕೇಳಿದರು, "ಹಂಗಾದ್ರೆ ನಂಗೆ ಚಟ ಹತ್ತಿದೆಯಾ ಡಾಕ್ಟ್ರೇ?"

"ಇಲ್ಲ ಯಜಮಾನ್ರೇ. ಚಟ ಬೇರೆ, ಮೈ ಒಗ್ಗೋದು ಬೇರೆ. ಆದ್ರೆ ಒಮ್ಮೆಲೇ ಬಿಡಬೇಡಿ. ನಿಧಾನಕ್ಕೆ ಇಳಿಸೋಣ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪಯ್ಯ ಎಷ್ಟೋ ದಿನದ ಮೇಲೆ ತೋಟದ ಮಾತೆತ್ತಿದರು.

ಆರರಿಂದ ಮೂರಕ್ಕೆ ಇಳಿಯಲು ಎಂಟು ತಿಂಗಳು ಹಿಡಿಯಿತು. ನೋವು ಪೂರ್ತಿ ಹೋಗಿಲ್ಲ. ಬೆಳಗ್ಗೆ ಹಂಡೆಯ ಬಿಸಿನೀರು ಸೊಂಟಕ್ಕೆ ಹೊಯ್ದುಕೊಂಡು, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿ, ಕೋಲೂರಿ ತೋಟದ ದಣಪೆಯವರೆಗೆ ಹೋಗಿ ಬರುತ್ತಾರೆ. ಈ ಸಲ ಮಳೆ ಹಿಡಿಯುವ ಮೊದಲೇ ಚೀಟಿ ಬರೆಸಿ, ತಿಂಗಳ ಮಾತ್ರೆ ತಂದು ಡಬ್ಬಿಯಲ್ಲಿ ಇಟ್ಟಿದ್ದೇನೆ.