ಹಾಮ್ ಮೇಳದ ಹಾವು, ಹಲ್ಲಿ ಎಲ್ಲಿಂದ ಬಂದವು?

ನಾನು ಜರ್ಮನಿಯಲ್ಲಿದ್ದೇನೆ, ಮನೆಯಲ್ಲಿ ಗೆಕ್ಕೋ ಹಲ್ಲಿ ಸಾಕುತ್ತೇನೆ ಅಂತ ಗೊತ್ತಾದವರು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. "ಆ ಹಾಮ್ ಮೇಳದಲ್ಲಿ ಹಾವು, ಹಲ್ಲಿ ಮಾರ್ತಾರಲ್ಲ, ಅವೆಲ್ಲ ಮನೆಯಲ್ಲೇ ಮರಿ ಮಾಡಿಸಿದ್ದಾ, ಇಲ್ಲಾ ಕಾಡಿಂದ ಹಿಡ್ಕೊಂಡು ಬಂದಿದ್ದಾ? ನೋಡಿದ್ರೆ ಗೊತ್ತಾಗುತ್ತಾ?" ಮಕ್ಕಳು ಹಲ್ಲಿ ಬೇಕು ಅಂತ ಹಟ ಹಿಡಿದಾಗ ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಕೇಳುತ್ತಾರೆ. ಬೆಂಗಳೂರಿನ ಗೆಳೆಯರೂ ಕೇಳುತ್ತಾರೆ. ಬೆಲೆ ಕೇಳುವ ಮೊದಲು ಕೇಳಬೇಕಾದದ್ದು ಇದನ್ನೇ.

ಸ್ವಲ್ಪ ಮಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ಕೇಳಿದರೆ ಇನ್ನಷ್ಟು ಗೊತ್ತಾಗುತ್ತದೆ. ಆದರೆ ನಿಮ್ಮ ಮುಂದಿರುವ ಮರಿ ಎಲ್ಲಿ ಹುಟ್ಟಿತು ಅನ್ನುವುದು ಅರ್ಧ ಉತ್ತರ. ಅದರ ಅಜ್ಜ ಅಜ್ಜಿ ಯಾವ ದೇಶದಿಂದ, ಹೇಗೆ ಬಂದವು ಅನ್ನುವುದು ಇನ್ನರ್ಧ. ಮೇಳದಲ್ಲಿ ಆ ಇನ್ನರ್ಧವನ್ನು ಕೇಳುವವರು ಕಡಿಮೆ.

ಹಾಮ್ ಅಂದರೆ ಡಾರ್ಟ್‌ಮುಂಡ್ ಹತ್ತಿರದ ಊರು. ಅಲ್ಲಿ ವರ್ಷಕ್ಕೆ ನಾಲ್ಕು ಸಲ ಟೆರಾರಿಸ್ಟಿಕಾ ಅನ್ನುವ ಮೇಳ ನಡೆಯುತ್ತದೆ. ಹಾವು, ಹಲ್ಲಿ, ಆಮೆ, ಕಪ್ಪೆ, ಜೇಡ, ಚೇಳು, ಅವುಗಳ ಗಾಜಿನ ಪೆಟ್ಟಿಗೆ, ದೀಪ, ತಿನ್ನಿಸುವ ಹುಳ, ಎಲ್ಲವೂ ಒಂದೇ ಸೂರಿನಡಿ. ಈ ಹವ್ಯಾಸದಲ್ಲಿ ಇದಕ್ಕಿಂತ ಹೆಸರುವಾಸಿ ಮೇಳ ಯುರೋಪಿನಲ್ಲಿ ಇಲ್ಲ. ನೆದರ್ಲೆಂಡ್ಸ್, ಚೆಕ್, ಇಟಲಿಯಿಂದೆಲ್ಲ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಜನ ಬರುತ್ತಾರೆ. ವ್ಯಾಪಾರದಲ್ಲಿ ಒಂದು ಪಾಲು ಮೊದಲೇ ಫೋನಿನಲ್ಲಿ ಮುಗಿದಿರುತ್ತದೆ. ಮೇಳದಲ್ಲಿ ಪೆಟ್ಟಿಗೆ ಕೈ ಬದಲಾಯಿಸುವುದಷ್ಟೇ ಬಾಕಿ. ಅದಲು ಬದಲು ಕೂಡ ಚೆನ್ನಾಗಿಯೇ ನಡೆಯುತ್ತದೆ. ನನ್ನ ಗಂಡು ನಿಮಗೆ, ನಿಮ್ಮ ಸಾಲಿನ ಹೆಣ್ಣು ನನಗೆ. ಒಡಹುಟ್ಟಿದವುಗಳನ್ನೇ ಜೋಡಿ ಮಾಡುತ್ತಾ ಹೋಗಬಾರದು ಅನ್ನುವ ಕಾಳಜಿ ಇರುವವರು ಹೀಗೆ ಮಾಡುತ್ತಾರೆ. ಇಡೀ ಮೇಳದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ವ್ಯವಹಾರ ಇದು.

ಈಗ ಒಂದು ಮೇಜಿನ ಹತ್ತಿರ ಹೋಗೋಣ. ಸಾಲಾಗಿ ಅಂಗೈಯಗಲದ ಪಾರದರ್ಶಕ ಡಬ್ಬಿಗಳು. ಒಳಗೆ ಒದ್ದೆ ಟಿಶ್ಯೂ, ಅದರ ಮೇಲೆ ಸುರುಳಿ ಸುತ್ತಿಕೊಂಡ ಬಾಲ್ ಪೈಥಾನ್ ಅನ್ನುವ ಹೆಬ್ಬಾವಿನ ಮರಿ. ಮುಚ್ಚಳದ ಚೀಟಿಯಲ್ಲಿ ಜಾತಿಯ ಹೆಸರು, ಆಮೇಲೆ "0.1", ಆಮೇಲೆ "ಎನ್‌ಝಡ್ 2024". ಚುಕ್ಕಿಯ ಎಡಕ್ಕಿರುವುದು ಗಂಡಿನ ಲೆಕ್ಕ, ಬಲಕ್ಕಿರುವುದು ಹೆಣ್ಣಿನದು. ಅಂದರೆ ಇದು ಒಂದು ಹೆಣ್ಣು. ಎನ್‌ಝಡ್ ಅಂದರೆ ಸಾಕಿದಲ್ಲೇ ಹುಟ್ಟಿದ್ದು. ಕಾಡಿನಿಂದ ಹಿಡಿದದ್ದಾದರೆ "ಡಬ್ಲ್ಯುಎಫ್" ಅಂತ ಬರೆಯುತ್ತಾರೆ. ಬರೆಯಬೇಕು, ಆದರೆ ಎಲ್ಲರೂ ಬರೆಯುವುದಿಲ್ಲ.

ಚೀಟಿಯನ್ನು ಬಿಟ್ಟು ಪ್ರಾಣಿಯನ್ನು ನೋಡಿ. ಹಾವಾದರೆ ಕಣ್ಣಿನ ಸುತ್ತ, ಮೂಗಿನ ಹೊಳ್ಳೆ ಹತ್ತಿರ, ಹೊಟ್ಟೆಯ ಹುರುಪೆಗಳ ಸಂದಿನಲ್ಲಿ ಉಣ್ಣೆ ಇದೆಯಾ ನೋಡಿ. ದನದ ಮೈಮೇಲೆ ಕೂರುತ್ತದಲ್ಲ, ಅಂಥದ್ದೇ. ಡಬ್ಬಿಯಲ್ಲಿ ಹುಟ್ಟಿ ಬೆಳೆದ ಮರಿಗೆ ಉಣ್ಣೆ ಹತ್ತುವುದು ತೀರಾ ಅಪರೂಪ. ಹಲ್ಲಿಯಾದರೆ ಮುರಿದ ಉಗುರು, ಹಳೆಯ ಗಾಯದ ಕಲೆ, ಬಿದ್ದು ಮತ್ತೆ ಚಿಗುರಿದ ಬಾಲ. ಒಂದರಲ್ಲಿ ಕಂಡರೆ ಯೋಚನೆ ಬೇಡ, ಅದು ಎಲ್ಲಾದರೂ ಆಗಬಹುದು. ಮೇಜಿನ ಮೇಲಿನ ಐದಾರು ಪ್ರಾಣಿಗಳಲ್ಲೂ ಕಂಡರೆ, ಎಲ್ಲವೂ ದೊಡ್ಡವೇ ಆಗಿದ್ದು ಒಂದೂ ಮರಿ ಇಲ್ಲದಿದ್ದರೆ, ಮುಂದಿನ ಮೇಜಿಗೆ ಹೋಗಿ. ಸ್ವಂತವಾಗಿ ಮರಿ ಮಾಡಿಸಿದವರ ಮುಂದೆ ಒಂದೇ ವಯಸ್ಸಿನ ಮರಿಗಳಿರುತ್ತವೆ. ಅವರ ಹತ್ತಿರ ತಾಯಿ ತಂದೆಯ ಫೋಟೋ ಇರುತ್ತದೆ. ಎಂದು ಮೊಟ್ಟೆ ಒಡೆಯಿತು, ಎಷ್ಟು ಸಲ ಪೊರೆ ಬಿಟ್ಟಿತು, ಕರಗಿಸಿದ ಇಲಿಮರಿ ತಿನ್ನುತ್ತಾ ಅಂತ ಕೇಳಿ ನೋಡಿ. ಅವರು ಮಾತು ನಿಲ್ಲಿಸುವುದೇ ಇಲ್ಲ. ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲ, ಪೂರ್ತಿ ಕೇಳಿಸಿಕೊಳ್ಳಿ.

ಸಾಕಿದ್ದು, ಕಾಡಿನದು ಇವೆರಡರ ನಡುವೆ ಇನ್ನೊಂದಿದೆ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹಾವು. ಟೋಗೊ, ಬೆನಿನ್, ಘಾನಾಗಳಲ್ಲಿ ಮೊಟ್ಟೆ ಹೊತ್ತ ಹೆಣ್ಣುಗಳನ್ನು, ಇಲ್ಲವೇ ಬಿಲದೊಳಗಿನ ಮೊಟ್ಟೆಗಳನ್ನು ಹಿಡಿದು ತಂದು, ಫಾರ್ಮಿನಲ್ಲಿ ಮರಿ ಮಾಡಿಸಿ ಹೊರದೇಶಕ್ಕೆ ಕಳಿಸುತ್ತಾರೆ. ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಕಾಗದದಲ್ಲಿ ಇಂಥವಕ್ಕೆ "ಆರ್" ಅನ್ನುವ ಗುರುತು. ಪೂರ್ತಿ ಸಾಕಿದಲ್ಲೇ ಬೆಳೆದ ಸಂತತಿಗೆ "ಸಿ", ಕಾಡಿನದಕ್ಕೆ "ಡಬ್ಲ್ಯು". ಆರ್ ಮರಿಯೂ ಡಬ್ಬಿಯಲ್ಲೇ ಕಣ್ಣು ಬಿಟ್ಟಿರುತ್ತದೆ, ನೋಡಲೂ ಸ್ವಚ್ಛ. ಆದರೆ ಅದರ ತಾಯಿ ಕಾಡಿನದು. ಯುರೋಪಿನಲ್ಲೇ ಬೇಕಾದಷ್ಟು ಮರಿ ಹುಟ್ಟುವ ಹಾವಿಗೆ ಆಫ್ರಿಕಾದ ಬಿಲ ಯಾಕೆ ಅಗೆಯಬೇಕು? ನಾನಂತೂ ಆರ್ ಗುರುತಿನ ಹಾವು ಕೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಯುರೋಪಿನ ನಿಯಮದಲ್ಲಿ ಅತಿ ಬಿಗಿ ರಕ್ಷಣೆಯ 'ಎ' ಪಟ್ಟಿಯ ಪ್ರಾಣಿ ಮಾರಲು ಸರ್ಕಾರಿ ಪ್ರಮಾಣಪತ್ರ ಬೇಕೇ ಬೇಕು. ನಮ್ಮ ನಕ್ಷತ್ರ ಆಮೆಯನ್ನು ಸೈಟ್ಸ್ 2019ರಲ್ಲಿ ಅತಿ ಬಿಗಿಯಾದ ಪಟ್ಟಿಗೆ ಏರಿಸಿದ ಮೇಲೆ ಅದೂ ಇಲ್ಲಿಗೆ ಸೇರಿತು. 'ಬಿ' ಪಟ್ಟಿಯದಾದರೆ ಮೂಲ ತೋರಿಸುವ ಚೀಟಿ ಬೇಕು. "ಆಮೇಲೆ ಮೇಲ್ ಮಾಡ್ತೀನಿ" ಅಂದರೆ ಒಪ್ಪಬೇಡಿ. ಕಾಗದ ಕೈಗೆ ಬಂದ ಮೇಲೆ ದುಡ್ಡು ಎಣಿಸಿ.

ಆದರೆ ಈ ಪಟ್ಟಿಗಳಲ್ಲೇ ಇಲ್ಲದ ಪ್ರಾಣಿಗಳ ಕಥೆ ಏನು? ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಒಂದು ದೇಶ ತನ್ನ ಹಲ್ಲಿಯನ್ನು ಹಿಡಿಯಬಾರದು ಅಂತ ಕಾನೂನು ಮಾಡಿರುತ್ತದೆ. ಯಾರೋ ಕದ್ದು ಸಾಗಿಸುತ್ತಾರೆ. ಅದು ಸೈಟ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೆ, ಯುರೋಪಿನೊಳಗೆ ಕಾಲಿಟ್ಟ ಮೇಲೆ ಮಾರುವವರನ್ನು ತಡೆಯುವುದು ಕಷ್ಟ. ಇನ್ನೊಂದು ದೇಶದ ಕಾನೂನು ಮುರಿದು ತಂದ ಪ್ರಾಣಿಯನ್ನು ಮಾರುವುದೇ ಅಪರಾಧ ಅನ್ನುವ ಲೇಸಿ ಕಾಯ್ದೆ ಅಮೆರಿಕದಲ್ಲಿ ಬಹಳ ಹಿಂದಿನಿಂದ ಇದೆ. ಯುರೋಪಿನಲ್ಲಿ ಅಂಥದ್ದು ಇಲ್ಲ.

ಬೋರ್ನಿಯೋದ ಕಿವಿಯಿಲ್ಲದ ಉಡವನ್ನು ಅಲ್ಲಿನ ಮೂರೂ ದೇಶಗಳು ಹಿಂದೆಯೇ ರಕ್ಷಿಸಿದ್ದವು. ಆದರೂ 2014ರ ಹೊತ್ತಿಗೆ ಅದು ಯುರೋಪಿನ ಸಾಕಣೆದಾರರ ಕೈಯಲ್ಲಿತ್ತು. ಸೈಟ್ಸ್ ಪಟ್ಟಿಗೆ ಸೇರಿದ್ದು 2016ರ ಸಭೆಯಲ್ಲಿ. ಟಾಂಜಾನಿಯಾದ ನೀಲಿ ಕುಬ್ಜ ಗೆಕ್ಕೋದ್ದು ಇನ್ನೂ ಬೇಸರದ ಕಥೆ. ಬೆರಳುದ್ದದ ಹಲ್ಲಿ, ಗಂಡಿನ ಬೆನ್ನು ಹೊಳೆಯುವ ನೀಲಿ. ಕಿಂಬೋಜಾ ಅನ್ನುವ ಕಾಡು ಮತ್ತು ಅದರ ಆಸುಪಾಸು ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಕೇದಗೆಯ ಕುಲದ್ದೇ ಆದ ಮರದ ಎಲೆಗಳ ಬುಡದಲ್ಲಿ ವಾಸ. ಹಿಡಿಯುವವರು ಹಲ್ಲಿಗಾಗಿ ಮರವನ್ನೇ ಕಡಿದು ಬೀಳಿಸುತ್ತಿದ್ದರು. ಇದಕ್ಕೂ ಅದೇ 2016ರ ಸಭೆಯಲ್ಲಿ ಪೂರ್ತಿ ರಕ್ಷಣೆ ಸಿಕ್ಕಿತು.

ನಮ್ಮ ಕಡೆಯದೂ ಒಂದಿದೆ. ಬಳ್ಳಾರಿಯಿಂದ ಗುಂತಕಲ್ಲು ದಾಟಿದರೆ ಗುತ್ತಿ ಅಂತ ಊರು ಸಿಗುತ್ತದಲ್ಲ, ಅದರ ಹೆಸರು ಜೇಡದ ಹವ್ಯಾಸಿಗಳಿಗೆಲ್ಲ ಬಾಯಿಪಾಠ. ಅಲ್ಲಿನ ರೈಲ್ವೆ ಮರದ ಅಡ್ಡೆಯಲ್ಲಿ ಸಿಕ್ಕ ಒಂದೇ ಒಂದು ಹೆಣ್ಣು ಜೇಡವನ್ನು ನೋಡಿ 1899ರಲ್ಲಿ ಪೊಕಾಕ್ ಅನ್ನುವ ವಿಜ್ಞಾನಿ ಪೊಸಿಲೊಥೀರಿಯಾ ಮೆಟಾಲಿಕಾ ಅಂತ ಹೆಸರಿಟ್ಟರು. ಆಮೇಲೆ ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಗುತ್ತಿಗೆ ಅದು ಮರದ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದಿರಬೇಕು. ಇರುವ ಕಾಡು ಅಷ್ಟೇ, ಅದೂ ಸೌದೆಗೆ, ಮರಕ್ಕೆ ಸವೆಯುತ್ತಿದೆ. ಅಳಿವಿನ ಅಂಚಿನಲ್ಲಿದೆ ಅಂತ ಜೀವಿಗಳ ಅಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ಹೇಳಿದೆ. ಅದೇ ಜೇಡದ ಮರಿ ಇಲ್ಲಿ ಔಷಧಿ ಡಬ್ಬಿಯಷ್ಟು ಪುಟ್ಟ ಡಬ್ಬಿಯಲ್ಲಿ ಮಾರಾಟಕ್ಕೆ ಸಿಗುತ್ತದೆ. ದೊಡ್ಡದಾದಾಗ ಕಾಲಿನ ಮೇಲೆ ಹಳದಿ ಪಟ್ಟೆ, ಮೈಯೆಲ್ಲ ಲೋಹದಂಥ ನೀಲಿ. ನಿಜ, ಅಷ್ಟು ಚೆಂದದ ಜೇಡ ನಾನು ಬೇರೆ ನೋಡಿಲ್ಲ.

ಈ ಮರಿಗಳು ಇಲ್ಲೇ ಹುಟ್ಟಿದವು, ಅದರಲ್ಲಿ ಸುಳ್ಳಿಲ್ಲ. ಒಂದು ಮೊಟ್ಟೆಚೀಲದಿಂದ ನೂರರ ಲೆಕ್ಕದಲ್ಲಿ ಮರಿ ಬರುತ್ತವೆ. ಆದರೆ ಭಾರತದ ರಫ್ತು ನೀತಿಯಲ್ಲಿ ಕಾಡುಪ್ರಾಣಿಗಳನ್ನು ಹೊರಗೆ ಮಾರುವುದಕ್ಕೆ ನಿಷೇಧ ಇದೆ. ಹಾಗಿದ್ದರೆ ಇವುಗಳ ಮೊದಲ ಜೋಡಿ ನಂದ್ಯಾಲದ ಕಾಡಿನಿಂದ ಯಾರ ಬ್ಯಾಗಿನಲ್ಲಿ ಬಂತು? ಮಾರುವವರನ್ನು ಕೇಳಿದರೆ "ಅದೆಲ್ಲ ಹಳೇ ಕಥೆ" ಅನ್ನುತ್ತಾರೆ. ಹಳೆಯದೇ ಇರಬಹುದು. ಆದರೂ ನಾನು ಅದನ್ನು ಕೊಳ್ಳುವುದಿಲ್ಲ. ಮಾರುಕಟ್ಟೆ ಇರುವವರೆಗೆ "ಹೊಸ ರಕ್ತ" ಬೇಕು ಅಂತ ಯಾರೋ ಮತ್ತೆ ಆ ಕಾಡಿಗೆ ಕೈ ಹಾಕುತ್ತಾರೆ. ಆ ಕಾಡು ಅಂಥ ಒಂದು ಕೈಯನ್ನೂ ತಡೆದುಕೊಳ್ಳುವಷ್ಟು ದೊಡ್ಡದಲ್ಲ.

"ನೀವು ಸಾಕೋ ಕ್ರೆಸ್ಟೆಡ್ ಗೆಕ್ಕೋ ಮಾತ್ರ ಸರಿಯಾ?" ಅಂತ ಒಬ್ಬರು ಕೇಳಿದ್ದರು. ಕೇಳಬೇಕಾದದ್ದೇ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಹಲ್ಲಿ ಅಳಿದೇ ಹೋಯಿತು ಅಂದುಕೊಂಡಿದ್ದರು. 1994ರಲ್ಲಿ ಮತ್ತೆ ಸಿಕ್ಕಿತು. ಇಂದು ಪ್ರಪಂಚದಲ್ಲಿ ಸಾಕುತ್ತಿರುವವೆಲ್ಲ ಆ ಕಾಲದಲ್ಲಿ ಹೊರಬಂದ ಕೆಲವೇ ಹಲ್ಲಿಗಳ ಸಂತತಿ. ಅಂದಿನಿಂದ ಎಷ್ಟೋ ತಲೆಮಾರು ಕಳೆದಿವೆ, ಮರಿಗಳು ಧಾರಾಳವಾಗಿ ಸಿಗುತ್ತವೆ, ದ್ವೀಪದಿಂದ ಕದ್ದು ತರುವುದರಲ್ಲಿ ಲಾಭವೇ ಉಳಿದಿಲ್ಲ. ನಾನು ಗೆರೆ ಎಳೆಯುವುದು ಅಲ್ಲಿ: ನಾನು ಒಂದನ್ನು ಕೊಂಡರೆ ಯಾವುದಾದರೂ ಕಾಡಿಗೆ ಯಾರಾದರೂ ಚೀಲ ಹಿಡಿದು ಹೋಗುತ್ತಾರಾ? ಲೆಪರ್ಡ್ ಗೆಕ್ಕೋ, ಕಾರ್ನ್ ಸ್ನೇಕ್ ವಿಷಯದಲ್ಲೂ ಉತ್ತರ ಇಲ್ಲ ಅಂತಲೇ. ಮಕ್ಕಳಿರುವ ಮನೆಗೆ ನಾನು ಹೇಳುವುದೂ ಇವನ್ನೇ.

ಕಾಡಿನ ಪ್ರಾಣಿ ಬೇಡ ಅನ್ನಲು ಇನ್ನೊಂದು ಕಾರಣ ರೋಗ. ಏಷ್ಯಾದಿಂದ ಬಂದ ಒಂದು ಚರ್ಮದ ಶಿಲೀಂಧ್ರ ನೆದರ್ಲೆಂಡ್ಸಿನ ಫೈರ್ ಸಾಲಮ್ಯಾಂಡರ್ ಅನ್ನುವ, ಹಲ್ಲಿಯಂತೆ ಕಾಣುವ ಉಭಯಚರಿಗಳನ್ನು ಹೆಚ್ಚುಕಡಿಮೆ ಪೂರ್ತಿ ಒರೆಸಿಹಾಕಿತು. ವಿಜ್ಞಾನಿಗಳು ಅದನ್ನು ಗುರುತಿಸಿ ಹೆಸರಿಟ್ಟದ್ದು 2013ರಲ್ಲಿ. ಸಾಕುಪ್ರಾಣಿ ವ್ಯಾಪಾರದ ದಾರಿಯಲ್ಲೇ ಬಂದಿರಬೇಕು ಅನ್ನುತ್ತಾರೆ. ಈಗ ಇಲ್ಲಿನ ರೂರ್ ಪ್ರದೇಶದ ಕಾಡಿನಲ್ಲೂ ಇದೆ. ಹಾಗಾಗಿ ಯಾರಿಂದ ತಂದರೂ ಹೊಸ ಪ್ರಾಣಿಯನ್ನು ಬೇರೆ ಕೋಣೆಯಲ್ಲಿ, ಬರೀ ಟಿಶ್ಯೂ ಹಾಸಿದ ಪೆಟ್ಟಿಗೆಯಲ್ಲಿಡಿ. ಹಿಕ್ಕೆಯನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿ, ಆಮೇಲೆ ಉಳಿದವುಗಳ ಹತ್ತಿರ ಬಿಡಿ.

ಕೊನೆಗೆ "ಊರಿಗೆ ಬರೋವಾಗ ಒಂದು ತಂದುಕೊಡ್ತೀರಾ?" ಅಂತ ಕೇಳುವವರಿಗೆ: ಇಲ್ಲ, ತರಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ ಸಿಕ್ಕಿದ್ದವು. ಕೋತಿಗಳು ಆರೂ ಸತ್ತಿದ್ದವು. ಸೂಟ್‌ಕೇಸಿನಲ್ಲಿ ಬರುವ ಪ್ರಾಣಿಯ ಪಾಡು ಅದು. ನೀವು ಬೆಂಗಳೂರಲ್ಲೇ ಯಾರಿಂದಾದರೂ ಕೊಳ್ಳುವುದಾದರೆ, ಸೈಟ್ಸ್ ಪಟ್ಟಿಯ ಪ್ರಾಣಿಗಳಿಗೆ 2024ರ ನಿಯಮ ಇದೆ. ಕೈಗೆ ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಮಾರುವವರ ಹೆಸರಿನಲ್ಲಿ ಆ ಪ್ರಾಣಿಯ ನೋಂದಣಿ ಇದೆಯಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ, ಎಷ್ಟೇ ಕಡಿಮೆ ಬೆಲೆ ಹೇಳಿದರೂ ವಾಪಸ್ ಬನ್ನಿ.